ಪಕ್ಕದ ಸೀಟಿನ ಬೆಲ್ಟು

ಡ್ರೈವಿಂಗ್ ಸ್ಕೂಲಿನಲ್ಲಿ ಅವರನ್ನು ಎಲ್ಲರೂ ಬ್ರೇಕ್ ಮಾಮ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಲೈಸೆನ್ಸಿನ ಮೇಲಷ್ಟೇ ಉಳಿದಿತ್ತು, ಸಿಟ್ಟು ಬಂದರೆ ಹೆಂಡತಿಯೂ "ಏನ್ರೀ ಬ್ರೇಕ್ ಮಾಮ, ಬಚ್ಚಲ ನಲ್ಲಿ ನಿಲ್ಸೋಕೆ ಬರಲ್ವಾ?" ಎಂದು ಕೇಳುತ್ತಿದ್ದರು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕಾಲ್ಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರ ಕಾಲು ತಪ್ಪಿದರೆ ಕಲಿಸುವವರ ಕಾಲು ಒತ್ತಬೇಕು. ಮಾಮನ ಬಲಗಾಲು ಆ ಪೆಡಲಿನ ಮೇಲೆ ಎಷ್ಟು ವರ್ಷ ಕೂತಿತ್ತೆಂದರೆ, ಮನೆಯಲ್ಲಿ ಟಿವಿ ನೋಡುವಾಗ ಪರದೆಯ ಮೇಲೆ ಲಾರಿ ಅಡ್ಡ ಬಂದರೂ ಅದು ತಾನಾಗಿಯೇ ನೆಲ ಒತ್ತುತ್ತಿತ್ತು.

ತಮ್ಮ ಕೈಕೆಳಗೆ ಕಲಿತ ಒಬ್ಬರಿಗೂ ಒಂದು ಗೀರು ಕೂಡ ಆಗಿಲ್ಲ ಎಂಬುದು ಅವರ ಹೆಮ್ಮೆ. ಅದನ್ನು ಅವರು ಹೇಳದೆ ಬಿಟ್ಟ ದಿನವಿಲ್ಲ. ಮದುವೆ ಮನೆಗೆ ಹೋದರೂ ಹೇಳುತ್ತಿದ್ದರು, ಸಾವಿನ ಮನೆಗೆ ಹೋದರೂ ಮೂಲೆಯಲ್ಲಿ ಯಾರಾದರೂ ಸಿಕ್ಕರೆ ಹೇಳುತ್ತಿದ್ದರು. ಕೇಳುವವರಿಗೆ ಬೇಜಾರು ಬಂದರೂ ಮಾತು ಮಾತ್ರ ನಿಜವಾಗಿತ್ತು.

ಹೊಸಬರು ಬಂದಾಗ ಮೊದಲ ಪಾಠ ಸ್ಟೀರಿಂಗಿನದಲ್ಲ, ಬೆಲ್ಟಿನದು. ಅಂಗಳದಲ್ಲಿ ಎಲ್ಲರನ್ನೂ ಸುತ್ತ ನಿಲ್ಲಿಸಿ, ಒಬ್ಬರನ್ನು ಕಾರಿನಲ್ಲಿ ಕೂರಿಸಿ, ಅಡ್ಡಪಟ್ಟಿಯನ್ನು ಹೊಟ್ಟೆಯಿಂದ ಕೆಳಕ್ಕೆ ಸರಿಸಿ ತೋರಿಸುತ್ತಿದ್ದರು.

"ನೋಡಿ, ಹೊಟ್ಟೆ ಮೇಲಲ್ಲ, ಸೊಂಟದ ಮೂಳೆ ಮೇಲೆ ಬರ್ಬೇಕು. ಹೊಟ್ಟೆ ಮೆತ್ತಗೆ, ಮೂಳೆ ಗಟ್ಟಿ. ಗಟ್ಟಿ ಇರೋದು ಪೆಟ್ಟು ತಿನ್ನಲಿ. ಇನ್ನೊಂದು ಪಟ್ಟಿ ಎದೆ ಮೇಲೆ. ಪಕ್ಕದಲ್ಲಿ ಕೂತೋರು ಹಾಕಿದೀನಿ ಅಂದ್ರೆ ನಂಬ್ಬೇಡಿ. ಯಾರೇ ಆಗ್ಲಿ, ಎಳೆದು ನೋಡಿ."

ಇಷ್ಟು ಹೇಳಿ ಪಕ್ಕದ ಸೀಟಿಗೆ ಬಂದು ಕೂತ ಮೇಲೆ ತಾವು ಮಾಡುತ್ತಿದ್ದದ್ದೇ ಬೇರೆ. ಎದೆಯ ಪಟ್ಟಿಯನ್ನು ಬೆನ್ನ ಹಿಂದಕ್ಕೆ ತಳ್ಳಿಬಿಡುತ್ತಿದ್ದರು. ಕಲಿಯುವವರು ಗಾಬರಿಯಾದಾಗ ಥಟ್ಟನೆ ಬಾಗಿ ಸ್ಟೀರಿಂಗ್ ಹಿಡಿಯಬೇಕಲ್ಲ, ಎದೆಯ ಪಟ್ಟಿ ಇದ್ದರೆ ಅದು ಎಳೆದು ನಿಲ್ಲಿಸಿಬಿಡುತ್ತದೆ. ಈ ಕಸುಬಿನಲ್ಲಿ ಇರುವವರೆಲ್ಲ ಮಾಡುವ ಕಳ್ಳಾಟ ಇದು. ಹೀಗೆ ಮಾಡಿದಾಗ ಕೆಳಗಿನ ಪಟ್ಟಿಯೂ ಸಡಿಲಾಗಿ, ನಿಧಾನಕ್ಕೆ ಮೇಲೇರಿ, ಬೊಜ್ಜು ಹೊಟ್ಟೆಯ ಮೇಲೆ ಬಂದು ಕೂರುತ್ತದೆ. ಮಾಮನಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ತಮ್ಮ ಕಾಲು ಬ್ರೇಕಿನ ಮೇಲಿರುವಾಗ ಬೆಲ್ಟಿನ ಗೊಡವೆ ಏಕೆಂದು ಅವರ ಲೆಕ್ಕಾಚಾರ.

ಆ ವರ್ಷ ಕಲಿಯಲು ಬಂದವರಲ್ಲಿ ಒಬ್ಬರು ಟೈಲರಮ್ಮ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಒಂದು ಬಾಗಿಲಿನ ಹೊಲಿಗೆ ಅಂಗಡಿ ಅವರದು. ಗಂಡನಿಗೆ ಪಾರ್ಶ್ವವಾಯು ಹೊಡೆದು ಒಂದು ಕೈ, ಒಂದು ಕಾಲು, ಅರ್ಧ ಮಾತು ಹೋಗಿತ್ತು. ವ್ಯಾಯಾಮ ಮಾಡಿಸುವ ಆಸ್ಪತ್ರೆಗೆ ಅವರನ್ನು ಕರೆದೊಯ್ಯುವುದೆಂದರೆ ಪ್ರತಿಸಲ ಆಟೋದವರ ಮುಂದೆ ಗೋಗರೆಯಬೇಕು. ಎತ್ತಿ ಕೂರಿಸುವುದು ಕಂಡರೆ ಅರ್ಧ ಜನ ಗಾಡಿ ತಿರುಗಿಸಿಕೊಂಡು ಹೋಗುತ್ತಿದ್ದರು. ಗಂಡನ ಹಳೆಯ ಕಾರು ಮನೆ ಮುಂದೆ ಧೂಳು ಹಿಡಿದು ನಿಂತಿತ್ತು. ಐವತ್ತು ದಾಟಿದ ಮೇಲೆ ಟೈಲರಮ್ಮ ಅದನ್ನು ಓಡಿಸಲು ಕಲಿಯುತ್ತೇನೆಂದು ಹಟ ಹಿಡಿದರು. ನಗದೆ ಉಳಿದವರು ಆ ಗಂಡ ಒಬ್ಬರೇ.

ಕಲಿಯುವುದರಲ್ಲಿ ಟೈಲರಮ್ಮ ನಿಧಾನ, ಆದರೆ ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದರು. ಮೊದಮೊದಲು ತಾವೇ ಏನೋ ಯೋಚಿಸಿ ಗೇರ್ ಬದಲಿಸಿದಾಗ ಮಾಮ ರೇಗಿದ್ದರು. "ನಿಮ್ಮ ಬುದ್ಧಿ ಮನೇಲಿಟ್ಟು ಬನ್ನಿ. ನಾನು ಹೇಳ್ಬೇಕು, ನೀವು ಮಾಡ್ಬೇಕು. ಅಷ್ಟೇ." ಅಂದಿನಿಂದ ಅವರು ಪ್ರತಿಯೊಂದನ್ನೂ ಕೇಳಿಯೇ ಮಾಡತೊಡಗಿದರು. "ತಿರುಗಿಸ್ಲಾ ಸರ್?" "ನಿಲ್ಲಿಸ್ಲಾ ಸರ್?" ಮಾಮನಿಗೆ ಅದು ಮರ್ಯಾದೆಯೆಂದು ಕಂಡಿತ್ತು.

ಆ ದಿನ ಮಧ್ಯಾಹ್ನ ಮಾಮ ಡಬ್ಬಿ ಊಟವನ್ನು ಸ್ವಲ್ಪ ಜೋರಾಗಿಯೇ ಮುಗಿಸಿದ್ದರು. ಗೋದಾಮುಗಳ ಹಿಂದಿನ ಅಗಲವಾದ ಖಾಲಿ ರಸ್ತೆ, ಗಾಜಿನಿಂದ ಬೀಳುವ ಬಿಸಿಲು, ಹದವಾಗಿ ಹೋಗುತ್ತಿದ್ದ ಕಾರು. ಚಪ್ಪಲಿ ಕಳಚಿ, ಬಲಗಾಲನ್ನು ಮಡಿಸಿ ಎಡತೊಡೆಯ ಕೆಳಗೆ ಸೇರಿಸಿಕೊಂಡರು. ಕಣ್ಣು ಮುಚ್ಚಿದ್ದು ಅವರಿಗೇ ಗೊತ್ತಾಗಲಿಲ್ಲ.

ಗೊತ್ತಾದದ್ದು ಧಡ್ ಎಂಬ ಸದ್ದು ಮಾತ್ರ. ಗೋದಾಮಿನಿಂದ ಹಿಂದಕ್ಕೆ ಬರುತ್ತಿದ್ದ ಸಾಮಾನು ಗಾಡಿಯನ್ನು ತಪ್ಪಿಸಲು ಟೈಲರಮ್ಮ ಪಕ್ಕಕ್ಕೆ ಎಳೆದು ಬ್ರೇಕ್ ಹಾಕಿದ್ದರು, ಸ್ವಲ್ಪ ತಡವಾಗಿ. ಕಾರು ರಸ್ತೆ ಬದಿಯ ಕಾಂಕ್ರೀಟ್ ದಿಮ್ಮಿಗೆ ಹೋಗಿ ಗುದ್ದಿತ್ತು. ಟೈಲರಮ್ಮನ ಬೆಲ್ಟು ಕಲಿಸಿದ ಜಾಗದಲ್ಲೇ ಇತ್ತು. ಅವರಿಗೆ ಏನೂ ಆಗಲಿಲ್ಲ. ಮಾಮನ ಹೊಟ್ಟೆಗೆ ಮಾತ್ರ ಪಟ್ಟಿ ಕಚ್ಚಿ, ಒಂದು ಗಳಿಗೆ ಉಸಿರೇ ಸಿಕ್ಕಿಹಾಕಿಕೊಂಡಿತು.

ಜನ ಸೇರಿದರು. ಸ್ಕೂಲಿನ ಮಾಲೀಕ ಸ್ಕೂಟರ್ ಹತ್ತಿ ಓಡಿ ಬಂದ. "ಏನಾಯ್ತು ಮಾಮ? ನಿಮ್ಮ ಕಾರಿಗಾ?" ಎಂದು ಅವನು ಬಾಯಿ ಬಿಟ್ಟುಕೊಂಡು ಕೇಳಿದ್ದೇ ತಡ, ಮಾಮನ ನಾಲಿಗೆ ಯೋಚನೆಗಿಂತ ಮುಂಚೆ ಹೊರಟಿತು.

"ಇನ್ನೇನಾಗುತ್ತೆ? ಬ್ರೇಕ್ ಬದ್ಲು ಇನ್ನೊಂದು ತುಳಿದ್ರು. ಹೊಲಿಗೆ ಮಿಷನ್ ಪೆಡಲ್ ಅಂದ್ಕೊಂಡ್ರೇನೋ!"

ಸೇರಿದ್ದವರೆಲ್ಲ ಘೊಳ್ಳೆಂದು ನಕ್ಕರು. ಮಾತು ಅಷ್ಟು ಚೆನ್ನಾಗಿ ಕೂತಿತ್ತು. ಟೈಲರಮ್ಮ ನಗಲಿಲ್ಲ. ಮಾಮನ ಮುಖವನ್ನೇ ನೋಡಿದರು. ಮಾಮ ಬಗ್ಗಿ ಚಪ್ಪಲಿ ಹುಡುಕತೊಡಗಿದರು. ಬಗ್ಗಿದಾಗ ಹೊಟ್ಟೆಯೊಳಗೆ ಏನೋ ಚಳಕ್ಕೆಂದಿತು. ನೋವು, ನಾಚಿಕೆ ಎರಡೂ ಒಟ್ಟಿಗೇ ಶುರುವಾದವು. ಆಮೇಲೆ ಒಂದನ್ನು ಬಿಟ್ಟು ಇನ್ನೊಂದು ಬರಲೇ ಇಲ್ಲ.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬ ಅಂಗಿ ಎತ್ತಿಸಿ ನೋಡಿದ. ಹೊಕ್ಕುಳಿನ ಕೆಳಗೆ ಅಡ್ಡಕ್ಕೆ ಒಂದು ಕೆಂಪು ಗೆರೆ. "ಇದೇನು?" ಎಂದ.

ಆ ಗೆರೆ ಇದ್ದ ಜಾಗವೇ ಮಾನ ಕಳೆಯುವಂಥದ್ದು. ಬೆಲ್ಟು ಎಲ್ಲಿ ಇರಬಾರದೆಂದು ಅವರು ಊರಿಗೆಲ್ಲ ಹೇಳಿದ್ದರೋ ಅಲ್ಲೇ, ಸ್ಕೇಲ್ ಇಟ್ಟು ಎಳೆದ ಹಾಗೆ ಬಿದ್ದಿತ್ತು. "ಅದು ಪ್ಯಾಂಟಿನ ಬೆಲ್ಟು ಡಾಕ್ಟ್ರೇ. ಹೊಟ್ಟೆ ಬಂದಿದೆ ನೋಡಿ, ಬಿಗಿಯಾಗುತ್ತೆ," ಎಂದರು ಮಾಮ. ಡಾಕ್ಟರ್ ನಕ್ಕು ಅಂಗಿ ಇಳಿಸಿದ. ಅಪಘಾತವೆಂದ ಮೇಲೆ ಹೊಟ್ಟೆಯ ಸಿಟಿ ಸ್ಕ್ಯಾನ್ ಆಗಲಿ ಎಂದು ಬರೆದ.

ಸ್ಕ್ಯಾನ್ ಕೋಣೆ ತಣ್ಣಗೆ ಕೊರೆಯುತ್ತಿತ್ತು. ನಡುವೆ ದೊಡ್ಡ ಉಂಗುರದಂಥ ಯಂತ್ರ, ಅದರೊಳಕ್ಕೆ ಸರಿಯುವ ಮಂಚ, ಗೋಡೆಯಲ್ಲಿ ಗಾಜು, ಗಾಜಿನಾಚೆ ಕಂಪ್ಯೂಟರ್ ಮುಂದೆ ಕೂತ ಮುಖಗಳು. ಕೈಗಳನ್ನು ತಲೆಯ ಮೇಲೆ ಇಡಿಸಿದರು. "ಈಗ ನರಕ್ಕೆ ಔಷಧಿ ಹೋಗುತ್ತೆ. ಮೈ ಬಿಸಿಯಾಗುತ್ತೆ, ಹೆದರ್ಬೇಡಿ," ಎಂದರು. ಬಿಸಿ ಗಂಟಲಿನಿಂದ ಇಳಿದು ತೊಡೆಸಂದಿಗೆ ಬಂದಾಗ ಮಾಮನ ಎದೆ ಧಸಕ್ಕೆಂದಿತು. ಬಟ್ಟೆಯಲ್ಲೇ ಆಗಿಹೋಯಿತಲ್ಲ! ಈ ವಯಸ್ಸಿನಲ್ಲಿ, ಇಷ್ಟು ಜನರ ಮುಂದೆ! ಮಂಚ ಹೊರಗೆ ಬಂದ ಮೇಲೆ ಯಾರೂ ನೋಡದಂತೆ ಕೈಯಾಡಿಸಿದರು. ಬಟ್ಟೆ ಒಣಗಿತ್ತು. ಆ ಔಷಧಿಗೆ ಎಲ್ಲರಿಗೂ ಹಾಗೇ ಅನ್ನಿಸುತ್ತದಂತೆ. ಮಾಮನಿಗೆ ಅದನ್ನು ಯಾರನ್ನೂ ಕೇಳುವ ಧೈರ್ಯವಿರಲಿಲ್ಲ.

ಸ್ವಲ್ಪ ಹೊತ್ತಿಗೆ ಗಾಜಿನಾಚೆಯಿಂದ ಕನ್ನಡಕದ ಹುಡುಗಿಯೊಬ್ಬಳು ಎದ್ದು ಬಂದಳು. ಹುಡುಗಿಯೆಂದುಕೊಂಡದ್ದು ಮಾಮ, ಚಿತ್ರ ನೋಡಿ ಹೇಳುವ ಸ್ಕ್ಯಾನ್ ಡಾಕ್ಟರ್ ಅವರೇ.

"ಲಿವರ್ ಸರಿಯಿದೆ, ಗುಲ್ಮ ಸರಿಯಿದೆ, ಕಿಡ್ನಿ ಸರಿಯಿದೆ," ಎಂದರು. "ಆದ್ರೆ ಕರುಳಿನ ಮಡಿಕೆಗಳ ಮಧ್ಯೆ ಸ್ವಲ್ಪ ನೀರು ಕಾಣ್ತಿದೆ. ಒಂದು ಕಡೆ ಕರುಳಿನ ಗೋಡೆ ಕೊಂಚ ದಪ್ಪ ಇದೆಯೇನೋ ಅನ್ಸುತ್ತೆ. ಲಿವರ್ ಒಡೆದ್ರೆ ಕಣ್ಣಿಗೆ ರಾಚುತ್ತೆ ಮಾಮ. ಕರುಳು ಹಾಗಲ್ಲ, ಮೊದಲ ದಿನ ಏನೂ ಆಗಿಲ್ಲ ಅನ್ನೋ ಹಾಗೇ ಇರುತ್ತೆ. ಅದಕ್ಕೇ ಕೇಳ್ತಿದೀನಿ. ಕಾರಿನ ಬೆಲ್ಟು ಎಲ್ಲಿತ್ತು?"

ಬಾಗಿಲ ಹತ್ತಿರ ಹೆಂಡತಿ ನಿಂತಿದ್ದರು, ಪಕ್ಕದಲ್ಲಿ ಮಾಲೀಕ.

"ಎಲ್ಲಿರ್ಬೇಕೋ ಅಲ್ಲೇ ಇತ್ತು ಡಾಕ್ಟ್ರೇ. ಸೊಂಟದ ಮೂಳೆ ಮೇಲೆ ಒಂದು, ಎದೆ ಮೇಲೆ ಒಂದು."

"ಮಾಮನಿಗೇ ಬೆಲ್ಟಿನ ಪಾಠ ಹೇಳ್ತೀರಲ್ಲ ಮೇಡಂ!" ಎಂದು ಮಾಲೀಕ ನಕ್ಕ. "ಹೊಲಿಗೆ ಮಿಷನ್ ಪೆಡಲ್ ತುಳಿದಿದ್ದು ಅವರಲ್ಲ!" ಅವನು ಆ ಮಾತನ್ನು ಆಗಲೇ ಆಸ್ಪತ್ರೆ ತುಂಬ ಹಂಚಿಯಾಗಿತ್ತು. ಡಾಕ್ಟರ್ ನಗಲಿಲ್ಲ. ಆದರೂ ಒಂದೆರಡು ದಿನ ವಾರ್ಡಿನಲ್ಲೇ ಇರಲಿ, ಆಗಾಗ ಹೊಟ್ಟೆ ಮುಟ್ಟಿ ನೋಡುತ್ತಿರಲಿ, ನೋವು ಹೆಚ್ಚಾದರೆ ತಕ್ಷಣ ಹೇಳಬೇಕು ಎಂದು ಸರ್ಜನ್ನಿಗೆ ತಿಳಿಸಿ ಹೋದರು.

ನೋವು ಹೆಚ್ಚಾಯಿತು, ಮಾಮ ಹೇಳಲಿಲ್ಲ.

ಹೇಳಿದ್ದರೆ ಏನಾಗುತ್ತಿತ್ತೆಂದು ಅವರು ಮಲಗಿದಲ್ಲೇ ಲೆಕ್ಕ ಹಾಕಿದ್ದರು. ನೋವೆಂದರೆ ಕರುಳು, ಕರುಳೆಂದರೆ ಬೆಲ್ಟು, ಬೆಲ್ಟೆಂದರೆ ಬೆನ್ನ ಹಿಂದೆ ತಳ್ಳಿದ ಪಟ್ಟಿ. ಆಮೇಲೆ ಕಾಲೆಲ್ಲಿತ್ತು ಎಂಬ ಪ್ರಶ್ನೆ, ಕಣ್ಣೆಲ್ಲಿತ್ತು ಎಂಬ ಪ್ರಶ್ನೆ. ಬ್ರೇಕ್ ಮಾಮ ಗೊರಕೆ ಹೊಡೆಯುತ್ತ ಕೂತಿದ್ದರು ಎಂದು ಒಂದು ದಿನ ಊರಾಡಿದರೆ ಸಾಕು, ಮತ್ತೆ ಮುಖ ಎತ್ತಿ ತಿರುಗುವುದು ಹೇಗೆ? ಸರ್ಜನ್ ಬಂದು ಹೊಟ್ಟೆ ಅಮುಕಿದಾಗ ಹಲ್ಲು ಕಚ್ಚಿ "ಏನಿಲ್ಲ, ಸ್ವಲ್ಪ ಗ್ಯಾಸು" ಎಂದರು. ನರ್ಸ್ ಕೇಳಿದಾಗಲೂ ಗ್ಯಾಸು. ಹೆಂಡತಿ ಕೇಳಿದಾಗ, "ನಿನ್ನ ಅಡುಗೆ ತಿಂದು ತಡ್ಕೊಂಡ ಹೊಟ್ಟೆ ಇದು, ಇಷ್ಟಕ್ಕೆಲ್ಲ ಜಗ್ಗುತ್ತಾ?" ಎಂದು ನಗಿಸಿದರು. ಆಕೆ ಆ ಕಡೆ ತಿರುಗಿದ ಮೇಲೆ ದಿಂಬಿನ ಮೂಲೆ ಕಚ್ಚಿ ಹಿಡಿದರು. ಒಂದು ನಿದ್ದೆಯನ್ನು ಮುಚ್ಚಲು ಜೀವವನ್ನೇ ಪಣಕ್ಕಿಟ್ಟ ಮನುಷ್ಯ ಇವರೊಬ್ಬರೇ ಇರಬೇಕು. ಮಾನ ಅನ್ನುವುದು ಕೆಲವರಿಗೆ ಅಷ್ಟು ದುಬಾರಿ.

ಮರುದಿನ ಬೆಳಿಗ್ಗೆ ಟೈಲರಮ್ಮ ಬಂದರು. ಮಂಚದ ಬಳಿ ಹೆಂಡತಿ, ಕಾಲ ಬಳಿ ಸ್ಟೂಲ್ ಹಾಕಿಕೊಂಡು ಮಾಲೀಕ ಕೂತಿದ್ದರು. ಟೈಲರಮ್ಮ ಕೂರಲಿಲ್ಲ. ಕೈಚೀಲದ ಹಿಡಿಯನ್ನು ಎರಡು ಕೈಯಲ್ಲಿ ಹಿಡಿದು ನಿಂತೇ ಇದ್ದರು.

"ಹೇಗಿದ್ದೀರ ಸರ್?"

"ನಂಗೇನಾಗಿದೆ? ಗುಂಡುಕಲ್ಲು."

"ನಾನು ಎರಡು ಸಲ ಕೇಳಿದೆ ಸರ್, ನಿಲ್ಲಿಸ್ಲಾ ಅಂತ. ನಿಮಗೆ ಕೇಳಿಸ್ಲಿಲ್ವಾ?"

ಆ ಪ್ರಶ್ನೆಯಲ್ಲಿ ಮಾಮನಿಗೆ ಸಾಕಷ್ಟು ಜಾಗ ಇತ್ತು. ಒಂದೇ ಒಂದು ಮಾತು, ನಿದ್ದೆ ಬಂದುಬಿಟ್ಟಿತ್ತಮ್ಮ ಎಂದರೆ ಮುಗಿಯುತ್ತಿತ್ತು. ಹೆಂಡತಿ ತಮ್ಮನ್ನೇ ನೋಡುತ್ತಿದ್ದಾಳೆ, ಮಾಲೀಕ ಬಾಯಂಚಿನಲ್ಲಿ ನಗು ಇಟ್ಟುಕೊಂಡು ಕಾಯುತ್ತಿದ್ದಾನೆ.

"ಆ ಗಾಬರೀಲಿ ಯಾರು ಏನು ಕೇಳಿದ್ರು ಅಂತ ಯಾರಿಗೆ ನೆನಪಿರುತ್ತಮ್ಮ," ಎಂದರು ಮಾಮ.

"ಹೌದಾ," ಎಂದರು ಟೈಲರಮ್ಮ. "ಹಾಗಾದ್ರೆ ನಾನೇ ತಪ್ಪು ತುಳಿದಿರ್ಬೇಕು. ಎಲ್ರೂ ಅದನ್ನೇ ಹೇಳ್ತಿದಾರೆ. ನನ್ನ ಮೈದುನ ನಿನ್ನೆ ಸಂಜೇನೇ ಬಂದು ಕಾರಿನ ಕೀ ತಗೊಂಡು ಹೋದ. ಅಣ್ಣನ್ನ ಕೊಂದ್ಬಿಡ್ತೀಯ ಅಂದ. ನಾನಿನ್ನು ಕಲಿಯಕ್ಕೆ ಬರಲ್ಲ ಸರ್. ನಿಮ್ಮ ಹೊಟ್ಟೆಗೆ ಪೆಟ್ಟು ಮಾಡಿದ್ದಕ್ಕೆ ಕ್ಷಮಿಸಿ."

ಕ್ಷಮೆ ಕೇಳಿ, ತಲೆ ತಗ್ಗಿಸಿ ಹೊರಟರು. ನೆಲ ಬಿರಿದು ನುಂಗಬಾರದೇ ಅನ್ನುತ್ತಾರಲ್ಲ, ಮಾಮನಿಗೆ ಆಗ ಅದೇ ಅನ್ನಿಸಿತು. ಆದರೂ ಬಾಯಿ ಬಿಡಲಿಲ್ಲ. ಮಾಲೀಕ "ಪಾಪ, ಮಿಷನ್ನೇ ಸರಿ ಅವರಿಗೆ" ಎಂದದ್ದಕ್ಕೆ ಅರ್ಧ ನಕ್ಕರು ಕೂಡ. ಆ ಅರ್ಧ ನಗು ಮುಗಿಯುವಷ್ಟರಲ್ಲಿ ಹೊಟ್ಟೆ ಒಳಗಿನಿಂದ ಹಲಗೆಯಂತೆ ಬಿಗಿದು, ಮೈಯೆಲ್ಲ ತಣ್ಣಗೆ ಬೆವರಿತು. ಈ ಸಲ ಮುಚ್ಚಿಡಲು ಆಗಲಿಲ್ಲ. ಹೆಂಡತಿ ಕೂಗಿಕೊಂಡರು, ನರ್ಸ್ ಓಡಿ ಬಂದಳು. ಜ್ವರ ಏರಿತ್ತು, ನಾಡಿ ಓಡುತ್ತಿತ್ತು. ಅಂಗಿ ಎತ್ತಿದರೆ ನಿನ್ನೆಯ ಕೆಂಪು ಗೆರೆ ಈಗ ಅಂಗೈ ಅಗಲದ ನೀಲಿ ಪಟ್ಟಿ. ಯಾವ ಪ್ಯಾಂಟಿನ ಬೆಲ್ಟೂ ಅಷ್ಟು ಅಗಲ ಇರುವುದಿಲ್ಲ.

ಮತ್ತೆ ಅದೇ ತಣ್ಣನೆಯ ಕೋಣೆ, ಅದೇ ಉಂಗುರ, ಅದೇ ಬಿಸಿ. ಮಂಚ ಹೊರಬಂದಾಗ ಗಾಜಿನಾಚೆ ಸರ್ಜನ್ನೂ ಸ್ಕ್ಯಾನ್ ಡಾಕ್ಟರೂ ಪರದೆಯತ್ತ ಬೆರಳು ಮಾಡಿ ಮಾತಾಡುತ್ತಿದ್ದರು. ಸರ್ಜನ್ ಫೋನ್ ತೆಗೆದುಕೊಂಡು ಹೊರಗೆ ಓಡಿದ. ನರ್ಸ್ ನೋವಿಗೆ ಇಂಜೆಕ್ಷನ್ ಕೊಟ್ಟಳು. ಸ್ಕ್ಯಾನ್ ಡಾಕ್ಟರ್ ಒಳಗೆ ಬಂದು ಮಂಚದ ಪಕ್ಕ ನಿಂತರು. ಆ ಹುಡುಗಿ ಮುಖ ನೋಡಿದ ಮೇಲೆ ಮಾಮನಿಗೆ ತಡೆಯಲಾಗಲಿಲ್ಲ.

"ಡಾಕ್ಟ್ರೇ, ಬೆಲ್ಟು ಹೊಟ್ಟೆ ಮೇಲಿತ್ತು. ಎದೆ ಪಟ್ಟಿ ಬೆನ್ನ ಹಿಂದೆ ಇತ್ತು. ನಾನು ನಿದ್ದೆ ಮಾಡ್ತಿದ್ದೆ. ಸುಳ್ಳು ಹೇಳ್ದೆ."

ಹೇಳಿ ಮುಗಿಸಿದಾಗ ದೊಡ್ಡ ಭಾರ ಇಳಿದಂತಾಗಿ ಕಣ್ಣಲ್ಲಿ ನೀರು ಬಂತು. ಡಾಕ್ಟರ್ ಅವರ ಕೈ ಹಿಡಿದುಕೊಂಡರು. ಆದರೆ ಹೇಳಿದ ಮಾತು ಮೆತ್ತಗಿರಲಿಲ್ಲ.

"ನಂಗೆ ಇದು ನಿನ್ನೆ ಬೇಕಿತ್ತು ಮಾಮ. ಇವತ್ತು ಚಿತ್ರವೇ ಹೇಳ್ತಿದೆ. ಕರುಳಿಂದಾಚೆ ಗಾಳಿಯ ಗುಳ್ಳೆಗಳಿವೆ, ಅಂದ್ರೆ ಕರುಳು ತೂತಾಗಿದೆ. ಕರುಳನ್ನ ಬೆನ್ನಿಗೆ ಹಿಡಿದಿಡೋ ಪೊರೆ ಹರಿದು ರಕ್ತ ಸೋರಿದೆ. ನರಕ್ಕೆ ಕೊಟ್ಟ ಔಷಧಿ ಕರುಳಿನ ಒಂದು ತುಂಡಿಗೆ ಹೋಗೇ ಇಲ್ಲ, ಅಂದ್ರೆ ಅಲ್ಲಿಗೆ ರಕ್ತ ನಿಂತುಹೋಗಿದೆ. ಬೆಲ್ಟಿಗೂ ಬೆನ್ನುಮೂಳೆಗೂ ಮಧ್ಯೆ ಸಿಕ್ಕಿ ಜಜ್ಜಿದ್ದು." ಸ್ವಲ್ಪ ತಡೆದು, "ನಾನೂ ನಿನ್ನೆ ಒಂದ್ಸಲ ನಿಮ್ಮ ಅಂಗಿ ಎತ್ತಿ ನೋಡ್ಬೇಕಿತ್ತು. ಚಿತ್ರ ನೋಡಿದ್ರೆ ಸಾಕು ಅಂದ್ಕೊಂಡೆ," ಎಂದರು.

ತಳ್ಳುಮಂಚ ಆಪರೇಷನ್ ಕೋಣೆಯತ್ತ ಹೊರಟಿತು. ಮಾಮನಿಗೆ ಆಗ ಹೊಳೆಯಿತು: ಹೇಳಬೇಕಾದವರಿಗೆ ಹೇಳದೆ, ಹೇಳಿ ಪ್ರಯೋಜನವಿಲ್ಲದವರಿಗೆ ಹೇಳಿದ್ದೆ. ಕಾರಿಡಾರಿನಲ್ಲಿ ಹೆಂಡತಿ, ಮಾಲೀಕ, ಸುದ್ದಿ ಕೇಳಿ ಬಂದ ಸ್ಕೂಲಿನ ಒಂದಷ್ಟು ಮಂದಿ ನಿಂತಿದ್ದರು. ಮಾಮ ತಲೆ ಎತ್ತಿ ಕೂಗಿದರು. ಕೂಗಿದೆನೆಂದುಕೊಂಡರು, ಇಂಜೆಕ್ಷನ್ನಿಗೆ ನಾಲಿಗೆ ದಪ್ಪವಾಗಿ ಮಾತು ತೊದಲಿತು. "ನಾನು ಮಲ್ಗಿದ್ದೆ... ಅವಮ್ಮಂದಲ್ಲ... ನಾನು ಮಲ್ಗಿದ್ದೆ..."

"ಮಲ್ಕೊಳಿ ಮಾಮ, ಮಲ್ಕೊಳಿ, ಆರಾಮಾಗಿ ಮಲ್ಕೊಳಿ," ಎಂದ ಮಾಲೀಕ, ಕಣ್ಣೊರೆಸಿಕೊಳ್ಳುತ್ತ.

ಸತ್ತ ಕರುಳಿನ ತುಂಡು ತೆಗೆದು, ಎರಡು ತುದಿ ಸೇರಿಸಿ, ಪೊರೆ ಹೊಲಿದರು. ಮಾಮ ಉಳಿದುಕೊಂಡರು. ಸುಮಾರು ದಿನ ಮೂಗಿನಲ್ಲಿ ನಳಿಗೆ, ಬಾಯಿಗೆ ಒದ್ದೆ ಹತ್ತಿ. ಮನೆಗೆ ಬಂದ ಮೇಲೆ ಹೆಂಡತಿ ಒಂದು ದಿನ ನಗುತ್ತ, "ಆ ಇಂಜೆಕ್ಷನ್ ಅಮಲಲ್ಲಿ ಏನೇನೋ ಬಡಬಡಿಸಿದ್ರಿ, ಮಲ್ಗಿದ್ದೆ ಮಲ್ಗಿದ್ದೆ ಅಂತ," ಎಂದರು. ಅಲ್ಲೇ "ಅಮಲಲ್ಲ ಕಣೇ, ನಿಜ" ಎನ್ನಬಹುದಿತ್ತು. ಮಾಮ "ಹೌದಾ?" ಎಂದರು. ದೇವರು ಒಂದು ಕಿಂಡಿ ತೆರೆದ ಹಾಗಾಗಿತ್ತು. ಅದರಲ್ಲಿ ನುಸುಳಿ, ಹಲವು ವಾರ ಅದರೊಳಗೇ ಬಚ್ಚಿಟ್ಟುಕೊಂಡರು. ಸತ್ತು ಬದುಕಿದವರು ಬದಲಾಗಿ ಬರುತ್ತಾರೆ ಎನ್ನುವವರು ಇವರನ್ನು ನೋಡಬೇಕಿತ್ತು.

ಆದರೆ ನಾಚಿಕೆ ಅವರನ್ನು ಬಿಡಲಿಲ್ಲ. ನೋಡಲು ಬಂದವರೆಲ್ಲ ಆ ಪೆಡಲಿನ ಜೋಕನ್ನು ಅವರಿಗೇ ಹೊಸದಾಗಿ ಹೇಳುತ್ತಿದ್ದರು. ಟೈಲರಮ್ಮನ ಅಂಗಡಿ ಮುಂದೆ ಹುಡುಗರು ಹಾರ್ನ್ ಸದ್ದು ಮಾಡಿ ಓಡುತ್ತಾರಂತೆ. ರವಿಕೆ ಹೊಲಿಸಲು ಹೋದವರು "ಬ್ರೇಕ್ ಎಲ್ಲಿ?" ಎಂದು ಕೇಳುತ್ತಾರಂತೆ. ಪ್ರತಿ ಮಾತಿಗೂ ಮಾಮನ ಕೈ ಹೊಟ್ಟೆಯ ಹೊಲಿಗೆಯ ಮೇಲೆ ಹೋಗುತ್ತಿತ್ತು. ಬಂದವರು ಅದನ್ನು ನೋವೆಂದುಕೊಂಡು ಎದ್ದು ಹೋಗುತ್ತಿದ್ದರು.

ಮೈ ಇಳಿದು ಪ್ಯಾಂಟುಗಳೆಲ್ಲ ಜಾರತೊಡಗಿದ್ದವು. ಊರಲ್ಲಿ ಬೇರೆ ಟೈಲರುಗಳಿಗೆ ಬರವಿರಲಿಲ್ಲ. ಆದರೂ ಒಂದು ಮಧ್ಯಾಹ್ನ ಮಾಮ ಒಂದು ಪ್ಯಾಂಟನ್ನು ಕಂಕುಳಲ್ಲಿಟ್ಟುಕೊಂಡು ಮಾರುಕಟ್ಟೆಯ ಹಿಂದಿನ ಓಣಿಗೇ ಹೋದರು. ಅಂಗಡಿಯ ಮುಂದೆ ಎರಡು ಸಲ ಹಾದು ಹೋಗಿ, ಮೂರನೆಯ ಸಲ ಹತ್ತಿದರು.

ಟೈಲರಮ್ಮ ಮಿಷನ್ ನಿಲ್ಲಿಸಿ ಎದ್ದರು. ಕುರ್ಚಿ ಸರಿಸಿದರು. ಸೊಂಟದ ಅಳತೆ ತೆಗೆಯುವಾಗ ಟೇಪನ್ನು ಹೊಲಿಗೆಯ ಮೇಲೆ ತಾಗದಂತೆ ಎತ್ತಿ ಹಿಡಿದು, "ಇಲ್ಲಿ ಒತ್ತುತ್ತಾ ಸರ್? ಒಂದು ಬೆರಳು ಸಡಿಲ ಬಿಡ್ತೀನಿ," ಎಂದರು. ಆ ಒಂದು ಬೆರಳಿನ ಕರುಣೆಯನ್ನು ಮಾಮನಿಂದ ತಡೆಯಲಾಗಲಿಲ್ಲ.

"ಅವತ್ತು ನಾನು ನಿದ್ದೆ ಮಾಡ್ತಿದ್ದೆನಮ್ಮ."

ಟೈಲರಮ್ಮ ಟೇಪು ಸುತ್ತಿದರು. "ಗೊತ್ತು ಸರ್. ಗೊರಕೆ ಕೇಳಿಸ್ತಿತ್ತು."

ಮಾಮ ತಲೆ ಬಗ್ಗಿಸಿ ಕುರ್ಚಿಯ ಮೇಲೆ ಕೂತರು.

"ಎಬ್ಬಿಸೋಕೆ ಸಂಕೋಚ ಆಯ್ತು. ದೊಡ್ಡವರು, ಕಲಿಸೋರು. ಮೆಲ್ಲಗೆ ಕೇಳಿದೆ, ನಿಲ್ಲಿಸ್ಲಾ ಅಂತ. ಆಮೇಲೆ ಜೋರಾಗಿ ಕೇಳಿದೆ. ನೀವು ಹೇಳೋವರೆಗೂ ಏನೂ ಮಾಡ್ಬಾರ್ದು ಅಂದಿದ್ರಲ್ಲ. ಆಸ್ಪತ್ರೆಗೂ ಬಂದೆ, ನೀವಾಗೇ ಹೇಳ್ತೀರೇನೋ ಅಂತ." ಕತ್ತರಿಯನ್ನು ಮೇಜಿನ ಮೇಲೆ ನೇರ ಮಾಡಿಟ್ಟರು. "ಗೊರಕೆ ಕೇಳಿದ್ದು ನನ್ನ ಕಿವಿ. ಆದ್ರೂ ಎಲ್ರೂ ಪೆಡಲ್ ಪೆಡಲ್ ಅಂದಾಗ, ನನ್ನ ಕಾಲನ್ನ ನಾನೇ ಅನುಮಾನ ಪಟ್ಟೆ ಸರ್. ಮಿಷನ್ ತುಳಿಯಕ್ಕೂ ಹೆದರ್ಕೊಂಡು ಕೂತಿದ್ದೆ."

"ತಪ್ಪಾಯ್ತಮ್ಮ. ದೊಡ್ಡ ತಪ್ಪಾಯ್ತು."

"ನನ್ನ ಹತ್ರ ಹೇಳಿದ್ರೆ ಏನು ಬಂತು? ನಂಗೆ ಗೊತ್ತಿದ್ದದ್ದೇ. ಆ ಜೋಕು ಯಾರ್ಯಾರಿಗೆ ಹೇಳಿದ್ರೋ ಅವರಿಗೆ ಹೇಳಿ." ದನಿ ಏರಲಿಲ್ಲ. ಪ್ಯಾಂಟಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, "ನಾಡಿದ್ದು ಬನ್ನಿ," ಎಂದರು.

ಆಸ್ಪತ್ರೆಯ ತಳ್ಳುಮಂಚದ ಮೇಲೆ ತಮಗೇ ಹೊಳೆದದ್ದೂ ಇದೇ ಅಲ್ಲವೇ. ಎರಡನೆಯ ಸಲವೂ ಮಾಮ ತಪ್ಪು ಬಾಗಿಲು ತಟ್ಟಿದ್ದರು. ಸುಲಭದ ಬಾಗಿಲನ್ನೇ ಹುಡುಕಿ ತಟ್ಟುವುದು ಅವರಿಗೆ ರೂಢಿಯಾಗಿಹೋಗಿತ್ತು.

ಹೊಸ ತಂಡ ಸೇರುವ ದಿನ ಮಾಮ ಸ್ಕೂಲಿನ ಅಂಗಳಕ್ಕೆ ಹೋದರು. ಹೊಸಬರು, ಹಳಬರು, ಉಳಿದ ಇಬ್ಬರು ಮೇಷ್ಟ್ರುಗಳು, ಮಾಲೀಕ, ಎಲ್ಲರೂ ಇದ್ದರು. "ಮಾಮ ಬಂದ್ರು, ಬೆಲ್ಟಿನ ಪಾಠ ಅವರೇ ಮಾಡ್ಲಿ!" ಎಂದು ಮಾಲೀಕ ಚಪ್ಪಾಳೆ ತಟ್ಟಿಸಿದ. ಮಾಮ ನಡುವೆ ನಿಂತು, ಪ್ಯಾಂಟಿನಿಂದ ಅಂಗಿ ಎಳೆದು ಎದೆಯವರೆಗೆ ಎತ್ತಿದರು. ನಡುವೆ ಮೇಲಿಂದ ಕೆಳಕ್ಕೆ ಹೊಲಿಗೆಯ ಗೆರೆ, ಅದನ್ನು ಅಡ್ಡಕ್ಕೆ ದಾಟಿದ ಬೆಲ್ಟಿನ ಕಪ್ಪು ಕಲೆ. ಮುಂದಿದ್ದ ಹೆಂಗಸರು ಮುಖ ತಿರುಗಿಸಿದರು.

"ಇದು ಎಲ್ಲಿರ್ಬಾರ್ದೋ ಅಲ್ಲಿದ್ದ ಬೆಲ್ಟು," ಎಂದರು. "ನಿಮಗೆಲ್ಲ ಹೇಳಿ ನಾನು ಹಾಕ್ತಿರ್ಲಿಲ್ಲ. ಕಾಲು ಬ್ರೇಕಿನ ಮೇಲಿರ್ಲಿಲ್ಲ. ನಿದ್ದೆ ಹೊಡೀತಿದ್ದೆ. ಟೈಲರಮ್ಮ ಸರಿಯಾಗೇ ಓಡಿಸ್ತಿದ್ರು, ಸರಿಯಾದ ಪೆಡಲನ್ನೇ ತುಳಿದ್ರು. ನನ್ನನ್ನ ಕೇಳ್ಕೊಂಡು ಕಾದಿದ್ದಕ್ಕಷ್ಟೇ ತಡ ಆಗಿದ್ದು."

ಹಿಂದಿನಿಂದ ಯಾರೋ, "ಮತ್ತೆ ಆ ಮಿಷನ್ ಪೆಡಲ್ಲು?" ಎಂದರು.

"ಅದು ನಾನು ಕಟ್ಟಿದ್ದು."

ಯಾರಾದರೂ ನಕ್ಕಿದ್ದರೆ ಚೆನ್ನಾಗಿರುತ್ತಿತ್ತು. ಯಾರೂ ನಗಲಿಲ್ಲ. ಮಾಲೀಕ ನೆಲ ನೋಡುತ್ತ ನಿಂತಿದ್ದ. ಆ ಜೋಕನ್ನು ಎಲ್ಲರಿಗಿಂತ ಹೆಚ್ಚು ಹಂಚಿದವನು ಅವನೇ. ಅಂಗಿ ಇಳಿಸಿದ್ದರೂ ಮಾಮನಿಗೆ ಇನ್ನೂ ಬರಿಮೈಯಲ್ಲಿ ನಿಂತಂತೆಯೇ ಇತ್ತು. ಅಲ್ಲಿಂದ ನೇರ ಟೈಲರಮ್ಮನ ಮೈದುನನ ಮನೆಗೆ ಹೋಗಿ ಹೊಸ್ತಿಲ ಹೊರಗೆ ನಿಂತು ಅದನ್ನೇ ಹೇಳಿದರು. ಅವನು ಕೂರಿ ಎನ್ನಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದರು. ಆಕೆ "ನನ್ನ ಹತ್ರಾನೂ ಗ್ಯಾಸು ಅಂದ್ರಲ್ಲ. ಸತ್ತಿದ್ರೆ?" ಎಂದು ಎದ್ದು ಒಳಗೆ ಹೋದರು. ಎಲ್ಲಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಮಾಲೀಕ ಅವರನ್ನು ಕಾರಿನಲ್ಲಿ ಮತ್ತೆ ಕೂರಿಸಲಿಲ್ಲ. ಅಂಗಳದ ಪಾಠವಷ್ಟೇ ಅವರ ಪಾಲಿಗೆ ಉಳಿಯಿತು. ಟೈಲರಮ್ಮನಿಗೆ ಕೀ ವಾಪಸ್ ಸಿಕ್ಕಿತು, ಆದರೆ ಅವರು ಕಲಿಯುವುದನ್ನು ಮುಗಿಸಿದ್ದು ಬೇರೆ ಮೇಷ್ಟ್ರ ಹತ್ತಿರ. ಮಾಮ ಅದನ್ನು ಕೇಳಿ ಸರಿ ಎಂದರು.

ಲೈಸೆನ್ಸ್ ಬಂದ ಮೇಲೆ ಒಂದು ಬೆಳಿಗ್ಗೆ ಆಸ್ಪತ್ರೆಯ ಗೇಟಿನ ಹತ್ತಿರ ಆ ಹಳೆಯ ಕಾರು ನಿಂತಿದ್ದು ಮಾಮನ ಕಣ್ಣಿಗೆ ಬಿತ್ತು. ಹೊಟ್ಟೆ ತೋರಿಸಿಕೊಂಡು ಬರುತ್ತಿದ್ದರು. ಕಾರು ಚೆನ್ನಾಗಿ ತೊಳೆದಿತ್ತು. ಸ್ಟೀರಿಂಗ್ ಮುಂದೆ ಟೈಲರಮ್ಮ, ಪಕ್ಕದಲ್ಲಿ ಗಂಡ. ಅವರು ಒಂದೇ ಕೈಯಲ್ಲಿ ಬೆಲ್ಟು ಎಳೆದು ಸಿಕ್ಕಿಸಲು ಪರದಾಡುತ್ತಿದ್ದರು. ಮಾಮ ಹತ್ತಿರ ಹೋದರು.

"ಕೊಡಿ, ನಾನು ಹಾಕ್ತೀನಿ."

ಟೈಲರಮ್ಮ ಬೇಡವೆನ್ನಲಿಲ್ಲ. ಮಾಮ ಬಾಗಿದರು, ಹೊಲಿಗೆ ಎಳೆಯಿತು. ಕೆಳಗಿನ ಪಟ್ಟಿಯನ್ನು ಹೊಟ್ಟೆಯಿಂದ ಇಳಿಸಿ ಸೊಂಟದ ಮೂಳೆಗಳ ಮೇಲೆ ಕೂರಿಸಿದರು, ಎದೆಯ ಪಟ್ಟಿಯನ್ನು ಕತ್ತಿಗೆ ತಾಗದಂತೆ ಸರಿಪಡಿಸಿದರು, ಕ್ಲಿಕ್ ಎನ್ನುವವರೆಗೆ ಒತ್ತಿದರು. ತಮ್ಮ ಜೀವನದಲ್ಲಿ ಅಷ್ಟು ಜೋಪಾನವಾಗಿ ಬೆಲ್ಟು ಹಾಕಿದ್ದಿಲ್ಲ. ಗಂಡ ಅರ್ಧ ಮಾತಿನಲ್ಲಿ ಏನೋ ಅಂದರು, ಥ್ಯಾಂಕ್ಸ್ ಇರಬೇಕು.

"ಆಯ್ತಮ್ಮ. ಸರಿಯಾಗಿದೆ," ಎಂದರು ಮಾಮ.

ಟೈಲರಮ್ಮ ಕಾರು ಚಾಲೂ ಮಾಡಲಿಲ್ಲ. ಬಾಗಿಲು ತೆರೆದು ಇಳಿದು, ಕಾರನ್ನು ಸುತ್ತಿ ಬಂದರು. ಮಾಮ ಪಕ್ಕಕ್ಕೆ ಸರಿದು ನಿಂತರು. ಟೈಲರಮ್ಮ ಗಂಡನ ಸೊಂಟದ ಮೇಲಿನ ಪಟ್ಟಿಯನ್ನು ಎಳೆದು ನೋಡಿದರು, ಎದೆಯ ಪಟ್ಟಿಯನ್ನು ಎಳೆದು ನೋಡಿದರು, ಕೊಂಡಿಯನ್ನೂ ಎಳೆದು ನೋಡಿದರು. ಎಲ್ಲ ಸರಿಯಾಗಿತ್ತು. ಮಾಮನ ಕಡೆ ನೋಡಿ ತಲೆಯಾಡಿಸಿ, ತಮ್ಮ ಸೀಟಿಗೆ ಹೋಗಿ ಕೂತು, ಕಾರು ತೆಗೆದರು.

ಮಾಮ ಗೇಟಿನ ಬಳಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಅವರೇ ಕಲಿಸಿದ ಪಾಠ ಅದು.